ಬರ್ಲಿನ್‌ನ ಒಂಬತ್ತನೇ ಮಾರ್ಕೆಟ್ ಯಾರಿಗೆ ಸೇರಿದ್ದು?

ಬರ್ಲಿನ್‌ಗೆ ಹೋದವರು ಗೋಡೆ ನೋಡ್ತಾರೆ, ಬ್ರಾಂಡನ್‌ಬರ್ಗ್ ಗೇಟ್ ಮುಂದೆ ಫೋಟೊ ತೆಗೆಸ್ಕೊಳ್ತಾರೆ. ಅರ್ಧ ದಿನ ಮಿಕ್ಕಿದ್ರೆ ಕ್ರಾಯ್ಟ್ಸ್‌ಬರ್ಗ್ ಕಡೆ ಹೋಗಿ. ಅಲ್ಲಿ ಮಾರ್ಕ್ಟ್‌ಹಾಲೆ ನಾಯ್ನ್ ಅಂತ ಒಂದು ಮಾರುಕಟ್ಟೆ ಇದೆ. ನಾಯ್ನ್ ಅಂದ್ರೆ ಒಂಬತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ನಗರಾಡಳಿತ ಬಯಲು ಸಂತೆಗಳನ್ನು ಸೂರಿನಡಿ ತರೋಕೆ 14 ಮಾರುಕಟ್ಟೆ ಕಟ್ಟಿಸಿತು. ಅವುಗಳಲ್ಲಿ ಇದು ಒಂಬತ್ತನೆಯದು. ಬಾಗಿಲು ತೆರೆದದ್ದು 1891ರಲ್ಲಿ.

ಒಳಗೆ ಎತ್ತರದ ಚಾವಣಿ, ಕಬ್ಬಿಣದ ಕಂಬಗಳು, ಕೆಳಗೆ ಬ್ರೆಡ್, ಚೀಸ್, ತರಕಾರಿ, ಮೀನು, ಮಾಂಸದ ಅಂಗಡಿಗಳು. 2013ರಿಂದ ಗುರುವಾರ ಸಂಜೆ ಬೀದಿ ತಿಂಡಿಗಳ ಮೇಳ. ಪ್ರವಾಸಿಗರು ನುಗ್ಗೋದು ಆವತ್ತೇ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ತಿಂಡಿ ಬಗ್ಗೆ ಅಲ್ಲ. ಕಳೆಗುಂದಿದ್ದ ಈ ಕಟ್ಟಡವನ್ನು ಮಾರೋಕೆ ಹೊರಟಾಗ ಅಕ್ಕಪಕ್ಕದ ಜನ ಅಡ್ಡ ನಿಂತರು. ಹೆಚ್ಚು ದುಡ್ಡು ಕೂಗಿದವರಿಗಲ್ಲ, ಒಳ್ಳೆ ಯೋಜನೆ ತಂದವರಿಗೆ ಕೊಡಿ ಅಂದರು. ಹಾಗೇ ಆಯ್ತು. ಸಣ್ಣ ಉತ್ಪಾದಕರ ಆಹಾರಕ್ಕೆ ಜಾಗ ಕೊಡ್ತೀವಿ ಅಂದವರ ಕೈಗೆ ಹೋಗಿ, 2011ರಲ್ಲಿ ಮತ್ತೆ ತೆರೆಯಿತು.

ತಮಾಷೆ ನೋಡಿ, ಮುಂದಿನ ಜಗಳ ಅದರಿಂದಲೇ ಹುಟ್ಟಿತು. ಅದೇ ಹಾಲ್‌ನೊಳಗೆ ಆಲ್ಡಿ ಅನ್ನೋ ಅಗ್ಗದ ಸೂಪರ್‌ಮಾರ್ಕೆಟ್ ಇತ್ತು. 2019ರಲ್ಲಿ ಅದನ್ನು ಬಿಡಿಸಿ, ಸೋಪು–ಶಾಂಪೂ ಮಾರುವ ಇನ್ನೊಂದು ದೊಡ್ಡ ಕಂಪನಿಯ ಅಂಗಡಿ ತರ್ತೀವಿ ಅಂತ ನಡೆಸುವವರು ಹೇಳಿದ್ದೇ ತಡ, ಜನ ಬೀದಿಗಿಳಿದರು. ಸೂಪರ್‌ಮಾರ್ಕೆಟ್ ಬೇಕು ಅಂತ ಪ್ರತಿಭಟನೆ, ಅದೂ ಎಡಪಂಥೀಯರ ಕೋಟೆ ಅನ್ನಿಸಿಕೊಂಡ ಕ್ರಾಯ್ಟ್ಸ್‌ಬರ್ಗ್‌ನಲ್ಲಿ!

ಯೋಚಿಸಿದ್ರೆ ಅದರಲ್ಲಿ ವಿಚಿತ್ರ ಏನಿಲ್ಲ. ಟರ್ಕಿಯಿಂದ ದುಡಿಯೋಕೆ ಬಂದವರು ನೆಲೆಸಿದ ಜಾಗ ಅದು. ಬಾಡಿಗೆ ವರ್ಷವರ್ಷ ಏರುತ್ತೆ. ಪಿಂಚಣಿ ನಂಬಿದ ಅಜ್ಜಿಗೆ ಕುಶಲಕರ್ಮಿ ಬ್ರೆಡ್ ತಗೊಂಡು ಏನಾಗಬೇಕು? ಹಾಲು, ಹಿಟ್ಟು, ಎಣ್ಣೆ ಕೈಗೆಟುಕಬೇಕು. ಅಗ್ಗದ ಆಹಾರದ ಬೆಲೆಯನ್ನ ಕೊನೆಗೆ ರೈತ ತೆರ್ತಾನೆ ಅನ್ನೋ ವಾದವೂ ಸುಳ್ಳಲ್ಲ, ಒಪ್ತೀನಿ. ಆದ್ರೂ ಪಕ್ಕದ ಬೀದಿಯವರು ದಿನಸಿ ಕೊಳ್ಳಲಾಗದ ಜಾಗವನ್ನು ಮಾರ್ಕೆಟ್ ಅನ್ನೋಕೆ ನನಗೆ ಬಾಯಿ ಬರಲ್ಲ. ಬರ್ಲಿನ್‌ನವರು ತಮ್ಮ ಕೇರಿಯನ್ನ ಕೀಟ್ಸ್ ಅಂತಾರೆ. ಜನ ಕೇಳಿದ್ದು ಕೀಟ್ಸ್‌ಗೆ ಸೇರಿದ ಮಾರ್ಕೆಟ್ಟು, ಅಷ್ಟೇ.

ಹೋಗೋದಾದ್ರೆ ಗೋರ್ಲಿಟ್ಸರ್ ಬಾನ್‌ಹೋಫ್ ನಿಲ್ದಾಣದಲ್ಲಿ ಇಳಿದು ನಡೀರಿ. ಗುರುವಾರ ಸಂಜೆ ಬೇಡ. ಶನಿವಾರ ಬೆಳಿಗ್ಗೆ ಹೋಗಿ, ಯಾರ ಚೀಲದಲ್ಲಿ ಏನಿದೆ ಅಂತ ನೋಡಿ.