ವಿಷವುಳ್ಳ ಹುಳುಗಳು ಒಂದೇ ವೇಷವನ್ನು ಧರಿಸುವುದೇಕೆ?

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಭೂಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಉಳ್ಳಾರ್ತಿ ಕಾವಲ್ ಎಂಬುದು ಅಮೃತಮಹಲ್ ದನಗಳ ಮೇವಿಗೆಂದು ಹಿಂದೆ ಕಾದಿರಿಸಲ್ಪಟ್ಟಿದ್ದ ಹುಲ್ಲುಗಾವಲು. ಈ ಶತಮಾನದಲ್ಲಿ ಅದರ ಭಾಗವು ವಿಜ್ಞಾನ ಸಂಸ್ಥೆಗಳ ಬೇಲಿಯೊಳಕ್ಕೆ ಸೇರಿತಾದರೂ, ಆ ಸೀಮೆಯ ಬೀಳುಗಳಲ್ಲಿಯೂ ಹೊಲದ ಬದುಗಳಲ್ಲಿಯೂ ಎಕ್ಕದ ಗಿಡಕ್ಕೆ ಕೊರತೆಯಿಲ್ಲ. ದನಗಳು ಮೂತಿಯಿಡದ ಆ ಗಿಡದ ಎಲೆಯನ್ನು ಕೆಲವು ಹುಳುಗಳು ನಿರ್ಭಯವಾಗಿ ತಿಂದು ಬೆಳೆಯುತ್ತವೆ. ಹಳದಿ ನೀಲಿ ಪಟ್ಟೆಗಳ ಎಕ್ಕದ ಮಿಡತೆಯು ಅವುಗಳಲ್ಲೊಂದು. ಕಿತ್ತಲೆ ಬಣ್ಣದ ರೆಕ್ಕೆಗೆ ಕರಿಯ ಅಂಚುಳ್ಳ ಚಿಟ್ಟೆಯ ಮರಿಹುಳು ಮತ್ತೊಂದು. ಆ ಚಿಟ್ಟೆಯ ಹಾರಾಟ ಬಲು ಸಾವಕಾಶ. ಅದರ ಮೈಯಲ್ಲಿ ಗಿಡಗಳಿಂದ ಬಂದ ಕಹಿಯಾದ ವಿಷವಿರುವುದರಿಂದ ಒಮ್ಮೆ ರುಚಿ ನೋಡಿದ ಹಕ್ಕಿಯು ಮರಳಿ ಅದರ ತಂಟೆಗೆ ಹೋಗದು. ಅದೇ ಕಿತ್ತಲೆ ಬಣ್ಣದ ಮೇಲೆ ಕರಿಯ ಗೆರೆಗಳನ್ನೆಳೆದಂತಿರುವ ಇನ್ನೊಂದು ಜಾತಿಯ ಚಿಟ್ಟೆಯೂ ಉಂಟು. ಅದೂ ಹಕ್ಕಿಗೆ ರುಚಿಸದು.

ವಿಷವು ತನ್ನದೇ ಆಗಿರುವಾಗ ಇನ್ನೊಬ್ಬರ ಬಣ್ಣವೇಕೆ ಎಂಬ ಪ್ರಶ್ನೆಗೆ ಬ್ರೆಜಿಲ್ ದೇಶದಲ್ಲಿ ನೆಲೆಸಿದ್ದ ಜರ್ಮನ್ ಪಂಡಿತ ಫ್ರಿಟ್ಸ್ ಮ್ಯುಲ್ಲರ್ ಎಂಬಾತನು 1879ರಲ್ಲಿ ಲೆಕ್ಕದಿಂದಲೇ ಉತ್ತರವಿತ್ತನು. ಮರಿಹಕ್ಕಿಯು ಇಂಥ ಹುಳು ಕಹಿಯೆಂಬುದನ್ನು ಬಹುಮಟ್ಟಿಗೆ ಕಚ್ಚಿಯೇ ಕಲಿಯಬೇಕು. ಆ ಪಾಠದ ಶುಲ್ಕವನ್ನು ತೆರುವುದು ಹುಳು. ಒಂದು ಸೀಮೆಯಲ್ಲಿ ಒಂದು ಜಾತಿಯವು 10,000, ಇನ್ನೊಂದು ಜಾತಿಯವು 2,000 ಇರಲಿ. ಹಕ್ಕಿಗಳಿಗೆಲ್ಲ ಒಂದು ವೇಷವು ಮನದಟ್ಟಾಗುವುದಕ್ಕೆ 1,200 ಹುಳುಗಳು ಸಾಯಬೇಕೆಂದಿರಲಿ. ವೇಷ ಬೇರೆಯಾದರೆ ಎರಡೂ ಜಾತಿಗಳು ತಲಾ 1,200ನ್ನು ಕಳೆದುಕೊಳ್ಳುವುವು; ಸಣ್ಣ ಜಾತಿಯಲ್ಲಿ ಉಳಿಯುವುದು 800 ಮಾತ್ರ. ವೇಷ ಒಂದೇ ಆದರೆ ಎರಡೂ ಸೇರಿ ತೆರುವುದು 1,200 ಅಷ್ಟೇ. ಎರಡು ಗ್ರಾಮಗಳು ಒಂದು ದಂಡವನ್ನು ಒಕ್ಕಲಿನ ಸಂಖ್ಯೆಗನುಸಾರ ಹಂಚಿಕೊಂಡಂತೆ, ದೊಡ್ಡದರ ಪಾಲು 1,000, ಸಣ್ಣದರ ಪಾಲು 200. ದೊಡ್ಡದಕ್ಕೆ ನೂರಕ್ಕೆ ಎರಡರ ಲಾಭ, ಸಣ್ಣದಕ್ಕೆ ನೂರಕ್ಕೆ ಐವತ್ತರ ಲಾಭ. ನಷ್ಟ ಯಾರಿಗೂ ಇಲ್ಲ. ವಿಷವಿಲ್ಲದೆ ವೇಷವನ್ನು ಮಾತ್ರ ಕದಿಯುವ ಚಿಟ್ಟೆಗಳೂ ಇವೆ. ಅವುಗಳ ವ್ಯವಹಾರವೇ ಬೇರೆ, ಅದನ್ನು ಕಳ್ಳನಾಣ್ಯವೆನ್ನಬಹುದು.

ಒಕ್ಕಲಿಗನಿಗೆ ಇದರಿಂದೇನು ಎಂದರೆ, ಹಕ್ಕಿಗೆ ಹಾಕಿದ ಗುರುತಿಗೆ ಮನುಷ್ಯನೂ ಮೋಸಹೋಗುತ್ತಾನೆ. ಕೆಂಪು ಕರಿ ಬಣ್ಣವನ್ನು ಕಂಡೊಡನೆ ಎಲ್ಲವೂ ಪೀಡೆಯೆಂದು ಹೊಸಕುವ ವಾಡಿಕೆ ಹೊಲಗಳಲ್ಲಿದೆ. ಗುಲಗಂಜಿ ಹುಳುವನ್ನೇ ನೋಡಿರಿ. ಬೀಜ ಗುಲಗಂಜಿಯೂ ವಿಷ, ಹುಳು ಗುಲಗಂಜಿಯೂ ಕಹಿ. ಹಿಡಿದರೆ ಕಾಲಿನ ಸಂದುಗಳಿಂದ ಹಳದಿಯ ಕಹಿರಸವನ್ನು ಒಸರಿಸುತ್ತದೆ. ಆದರೂ ನುಣ್ಣಗೆ ಹೊಳೆಯುವ ಕೆಂಪು ಬೆನ್ನಿನ ಮೇಲೆ ಏಳು ಚುಕ್ಕೆಗಳಿರುವ ಈ ಹುಳು ಪೈರಿನ ಹೇನನ್ನು ತಿಂದು ರೈತನ ಕೆಲಸವನ್ನು ಕೂಲಿಯಿಲ್ಲದೆ ಮಾಡುವಂಥದು. ಬದನೆಯ ಎಲೆಯನ್ನು ಜರಡಿ ಮಾಡುವ ಅದರ ದಾಯಾದಿಗೆ ಇಪ್ಪತ್ತೆಂಟು ಚುಕ್ಕೆಗಳಿದ್ದು, ಬೆನ್ನು ಮಂಕಾಗಿ ಸಣ್ಣ ರೋಮಗಳಿಂದ ಕೂಡಿರುತ್ತದೆ. ಚುಕ್ಕೆಯನ್ನು ಎಣಿಸುವ ತಾಳ್ಮೆಯಿಲ್ಲದವರು ಎಲೆಯನ್ನು ನೋಡಲಿ: ಹಸುರು ಕೆರೆದು ಜಾಲರಿಯಾಗಿದ್ದರೆ ಪೀಡೆ, ಎಲೆ ಅಖಂಡವಾಗಿದ್ದು ಹೇನುಗಳಿದ್ದರೆ ಮಿತ್ರ.

ಇನ್ನು ತೊಗರಿ, ಅಲಸಂದೆಗಳ ಹೂವನ್ನು ತಿನ್ನುವ ಬೊಕ್ಕೆದುಂಬಿ. ಕರಿಯ ರೆಕ್ಕೆಯ ಮೇಲೆ ಕೆಂಪು ಅಥವಾ ಕಿತ್ತಲೆ ಪಟ್ಟೆಗಳಿರುವ ಇದೂ ಕಾಲಿನ ಸಂದುಗಳಿಂದಲೇ ರಸವನ್ನು ಸುರಿಸುತ್ತದೆ. ಆ ರಸ ಸೋಕಿದ ಚರ್ಮದ ಮೇಲೆ ಬೊಕ್ಕೆ ಏಳುವುದು. ಇದರಲ್ಲಿಯೂ ಒಂದು ತೊಡಕುಂಟು: ಈ ಬಳಗದ ಅನೇಕ ದುಂಬಿಗಳ ಮರಿಗಳು ನೆಲದೊಳಗೆ ಮಿಡತೆಯ ಮೊಟ್ಟೆಗಳನ್ನು ತಿನ್ನುತ್ತವೆ. ಆದುದರಿಂದ ಬೀಳಿನಲ್ಲಿರುವುವನ್ನು ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ. ಹೂವಿನ ಕಾಲದಲ್ಲಿ ಹೊಲಕ್ಕೆ ನುಗ್ಗಿದುವನ್ನು ಮುಂಜಾನೆ ಜಡವಾಗಿರುವಾಗಲೇ ಕೈಗೆ ಬಟ್ಟೆ ಸುತ್ತಿಕೊಂಡು ಆರಿಸಿ, ಸೀಮೆಎಣ್ಣೆ ಬೆರಸಿದ ನೀರಿಗೆ ಹಾಕತಕ್ಕದ್ದು. ಬರಿಗೈಯಿಂದ ಹೊಸಕಕೂಡದು, ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಕೂಡದು.

ದುಂಬಿ ಸತ್ತರೂ ಅದರ ವಿಷ ಸಾಯದು. ಒಣ ಮೇವಿನಲ್ಲಿ ಸೇರಿಹೋದ ಇಂಥ ದುಂಬಿಗಳನ್ನು ತಿಂದು ಕುದುರೆಗಳು ಸತ್ತ ಸಂಗತಿ ಅಮೆರಿಕದಲ್ಲಿ ಚೆನ್ನಾಗಿ ತಿಳಿದಿದೆ. ದನ ಕುರಿಗಳಿಗೂ ಅಪಾಯವುಂಟು. ಹೂಬಿಟ್ಟ ಹಸುರು ಮೇವನ್ನು ಕೊಯ್ಯುವವರು ದುಂಬಿಗಳು ಕಂಡುಬಂದಲ್ಲಿ ಮೇವನ್ನು ಕೊಯ್ದ ಸ್ಥಳದಲ್ಲಿಯೇ ಹರಡಿ ಚೆನ್ನಾಗಿ ಕೊಡವಿ, ಅವು ಹಾರಿಹೋದ ಮೇಲೆ ಹೊರೆ ಕಟ್ಟತಕ್ಕದ್ದು. ತುಳಿತಕ್ಕೆ ಸಿಕ್ಕಿ ಸತ್ತ ದುಂಬಿಗಳಿರುವ ಮೇವನ್ನು ಗೋದಲಿಗೆ ಹಾಕದೆ ಬೇರೆ ತೆಗೆದಿಡತಕ್ಕದ್ದು.