ಅಂಚಿನಲ್ಲಿದ್ದ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಇವತ್ತು ಒಂದು ಹಳೆಯ ಬಿಲ್ಲೆಯ ಬಗ್ಗೆ ಹೇಳುತ್ತೇನೆ.

ನಮ್ಮ ಮುತ್ತಜ್ಜ ಮೈಸೂರು ಮಹಾರಾಜರ ಕುದುರೆ ದಂಡಿನಲ್ಲಿದ್ದರು. 1914ರಲ್ಲಿ ಯುದ್ಧಕ್ಕೆ ಹೊರಟ ಮೈಸೂರು ಲ್ಯಾನ್ಸರ್ಸ್ ಪಡೆ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಪಡೆಗಳ ಗುರುತು. ಮುತ್ತಜ್ಜ ಈಟಿ ಹಿಡಿದು ಕುದುರೆ ಓಡಿಸಿದರು ಎಂದೇ ನಮ್ಮ ಮನೆಯಲ್ಲಿ ಕಥೆ. ಪೆಟ್ಟಿಗೆಯಲ್ಲಿದ್ದ ಬಿಲ್ಲೆಯೇ ಸಾಕ್ಷಿ. ಪ್ರತಿವರ್ಷ ಆಯುಧಪೂಜೆಗೆ ಅದನ್ನು ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕುವುದು ನನ್ನ ಕೆಲಸ. ಫಳಫಳ ಹೊಳೆದರೆ ಅಜ್ಜಿ ಬೆಲ್ಲ ಕೊಡುತ್ತಿದ್ದಳು.

ಇಂಜಿನಿಯರಿಂಗ್ ಓದುವಾಗ ಒಮ್ಮೆ ರಜೆಗೆ ಬಂದು ಆ ಬಿಲ್ಲೆಯನ್ನು ಸರಿಯಾಗಿ ನೋಡಿದೆ. ಒಂದು ಕಡೆ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಕಡೆ ಕುದುರೆ ಸವಾರ, 1914, 1918 ಎಂಬ ಇಸವಿಗಳು. ಇದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಹೋರಾಡಿದವರಿಗೆ ಇದನ್ನು ಬೆಳ್ಳಿಯಲ್ಲಿ ಕೊಟ್ಟರು. ಕೂಲಿ ಪಡೆಯವರಿಗೆ, ಕುದುರೆ ನೋಡಿಕೊಳ್ಳುವಂಥವರಿಗೆ ಕಂಚಿನಲ್ಲಿ ಕೊಟ್ಟರು. ನಮ್ಮದು ಕಂಚಿನದು.

ಇಂಥ ಪದಕಗಳ ಅಂಚಿನ ಮೇಲೆ ಪಡೆದವರ ಹೆಸರು, ದರ್ಜೆ, ಪಡೆ ಕೊರೆದಿರುತ್ತಾರೆ. ಸಂಜೆಯ ಓರೆ ಬಿಸಿಲಿಗೆ ಹಿಡಿದು ತಿರುಗಿಸಿದೆ. ‘ಸೈಸ್’ ಎಂಬ ಇಂಗ್ಲಿಷ್ ಅಕ್ಷರಗಳು ಮಸುಕಾಗಿ ಕಂಡವು. ಅಂದರೆ ಕುದುರೆ ಚಾಕರಿಯವ. ಕೊನೆಯಲ್ಲಿ ‘ಮೈಸೂರು’ ಎಂದಿತ್ತು. ನಡುವೆ ಹೆಸರಿರಬೇಕಾದ ಜಾಗ ನುಣ್ಣಗಾಗಿತ್ತು. ಮುತ್ತಜ್ಜನನ್ನು ಸೈನ್ಯದ ದಾಖಲೆಯಲ್ಲಿ ಹುಡುಕಲು ಬೇಕಿದ್ದ ಅಕ್ಷರಗಳನ್ನು ನಾನೇ ಬೆಲ್ಲದ ಆಸೆಗೆ ತಿಕ್ಕಿ ಅಳಿಸಿದ್ದೆ.

ಅಪ್ಪನಿಗೆ ಎರಡು ದಿನ ಮಾತೇ ಹೊರಡಲಿಲ್ಲ. ಅಜ್ಜಿ ಮಾತ್ರ, “ನಮ್ಮ ಮಾವ ಹುಲ್ಲು ನೀರು ಇಡದಿದ್ರೆ ಈಟಿ ಹಿಡಿದೋನು ಎಲ್ಲಿಗೆ ಹೋಗ್ತಿದ್ದ?” ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ನಿಜವಾದ ಕಥೆಯನ್ನೇ ಹೇಳುತ್ತೇವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲೂ ಇಂಥವು ಇರಬಹುದು. ಆರು ಮೂಲೆಯ ನಕ್ಷತ್ರದ ಪದಕವಿದ್ದರೆ ಅದು ಎರಡನೇ ಮಹಾಯುದ್ಧದ್ದಾಗಿರಬಹುದು; ಬರ್ಮಾ ರಂಗದಲ್ಲಿದ್ದವರಿಗೆ ಬರ್ಮಾ ಸ್ಟಾರ್ ಕೊಟ್ಟಿದ್ದರು. ಅವರ ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ. ಹುಣಸೆಹುಳಿ, ನಿಂಬೆ, ಬೂದಿ, ಪಾಲಿಶ್ ಯಾವುದೂ ಬೇಡ. ಕಪ್ಪಾದರೆ ಕಪ್ಪಾಗಿಯೇ ಇರಲಿ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಿ. ರಿಬ್ಬನ್ ಹರಿದಿದ್ದರೂ ಎಸೆಯಬೇಡಿ, ಅದರ ಬಣ್ಣದ ಪಟ್ಟಿಗಳಿಂದಲೂ ಪದಕ ಯಾವುದೆಂದು ತಿಳಿಯುತ್ತದೆ. ಡಿಸ್ಚಾರ್ಜ್ ಪತ್ರವಿದ್ದರೆ ಲ್ಯಾಮಿನೇಟ್ ಮಾಡಿಸಬೇಡಿ. ಆಮೇಲೆ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ. ಮೊಬೈಲಿನಲ್ಲಿ ಎರಡೂ ಮುಖ ಮತ್ತು ಅಂಚಿನ ಸುತ್ತ ಫೋಟೋ ತೆಗೆಯಿರಿ. ಅಜ್ಜ ಅಜ್ಜಿ ಹೇಳುವುದನ್ನು ಅವರ ಮಾತಿನಲ್ಲೇ ಬರೆದಿಡಿ.

ಒಂದು ಎಚ್ಚರಿಕೆ. ಗುಂಡು, ಶೆಲ್ ಅಥವಾ ಗ್ರೆನೇಡಿನಂಥದ್ದು ಸಿಕ್ಕರೆ, ತುಕ್ಕು ಹಿಡಿದಿದೆ, ಸತ್ತಿದೆ ಎಂದು ನೀವೇ ತೀರ್ಮಾನಿಸಬೇಡಿ. ಮುಟ್ಟದೆ, ಮಕ್ಕಳನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿ. ಪದಕಕ್ಕೆ ಯಾರಾದರೂ ಬೆಲೆ ಕೇಳಿದರೂ ಆತುರ ಬೇಡ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ನಮ್ಮ ಶಾಲೆಗೆ ಐವತ್ತು ತುಂಬಿದ ಈ ವರ್ಷ, ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಲಿ. ವಸ್ತುಗಳು ಮನೆಯಲ್ಲೇ ಇರಲಿ, ಫೋಟೋ ಮತ್ತು ಹೆಸರುಗಳು ಶಾಲೆಗೆ ಬರಲಿ. ಅವನ್ನು ಕಂಪ್ಯೂಟರಿಗೆ ಹಾಕಿ ಜೋಡಿಸಿಕೊಡುವ ಕೆಲಸ ನನ್ನದು. ನಾನು ಅಳಿಸಿದ ಹೆಸರನ್ನು ಮರಳಿ ತರಲಾರೆ. ನಿಮ್ಮ ಮನೆಯದು ಇನ್ನೂ ಉಳಿದಿರಬಹುದು, ಇವತ್ತು ಹೋಗಿ ನೋಡಿ.