ವಾರ್ಡಿಗೆ ಕಾಲಿಡುವ ಮುನ್ನ

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಹಾವು ಅಪರೂಪದ ಪ್ರಾಣಿಯಲ್ಲ. ತೋಟದಲ್ಲಿ ಅಡಕೆ ಹೆಕ್ಕುವ ಕೈಗೆ, ನಸುಗತ್ತಲಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೊರಟ ಕಾಲಿಗೆ, ತರಗೆಲೆಯಡಿಯ ಹಾವು ಎಂದು ಎದುರಾದೀತೆಂದು ಹೇಳಲಾಗದು. ಆದಕಾರಣ ಈ ಸೀಮೆಯ ವೈದ್ಯವಿದ್ಯಾರ್ಥಿಯ ಕೈಗೆ ಮೊದಲು ಬರಬೇಕಾದ ವಿದ್ಯೆ ಯಾವುದೆಂದು ಯಾರಾದರೂ ಕೇಳಿದರೆ, ನನಗೆ ನೆನಪಾಗುವುದು ಒಂದು ಗಾಜಿನ ನಳಿಕೆ.

ಹಾವು ಕಚ್ಚಿದವರ ರಕ್ತವನ್ನು ಸುಮಾರು 2 ಮಿಲಿಲೀಟರಿನಷ್ಟು ತೆಗೆದು, ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಬಳಿಕ ಒಮ್ಮೆ ಓರೆಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ, ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ತಟ್ಟಿದೆಯೆಂದು ತಿಳಿಯಬೇಕು. ಯಂತ್ರ ಬೇಡ, ಪ್ರಯೋಗಾಲಯ ಬೇಡ. ಗಡಿಯಾರ ಮತ್ತು ತಾಳ್ಮೆ ಸಾಕು.

ಈ ಪರೀಕ್ಷೆಯ ವಿಷಯವಾಗಿ ಬರೆದು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. ಆದರೂ ಮೊದಲ ರಾತ್ರಿಪಾಳಿಯಲ್ಲಿ ಎಡವಿದೆ. ತೋಟದ ಕೆಲಸದ ಹೆಂಗಸೊಬ್ಬರನ್ನು ಕರೆತಂದಿದ್ದರು. ನಳಿಕೆಯಲ್ಲಿ ರಕ್ತ ನೀರಿನಂತೆಯೇ ಉಳಿದಿತ್ತು. ಔಷಧಕ್ಕಾಗಿ ಅವಸರಪಡುತ್ತಿದ್ದ ನನ್ನನ್ನು ಹಿರಿಯ ದಾದಿ ತಡೆದು, “ಡಾಕ್ಟರೇ, ಈ ಟ್ಯೂಬು ಎಲ್ಲಿಂದ ತಂದಿರಿ?” ಎಂದರು. “ಸಿಂಕಿನ ಬದಿಯಲ್ಲಿ ತೊಳೆದಿಟ್ಟಿತ್ತು, ಸಿಸ್ಟರ್.” ಅವರು ಮಾತಾಡದೆ ಹೊಸ ನಳಿಕೆ ತಂದರು. 20 ನಿಮಿಷಗಳ ಬಳಿಕ ರಕ್ತ ಗಟ್ಟಿಯಾಗಿ ನಿಂತಿತ್ತು. ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದಿರಬಹುದು. ಕುದುರೆಯ ರಕ್ತದಿಂದ ತಯಾರಾಗುವ ಆ ಪ್ರತಿವಿಷ ಜೀವ ಉಳಿಸುವುದೂ ನಿಜ, ಕೆಲವರ ಮೈಗೆ ಒಗ್ಗದೆ ಅಪಾಯ ತರುವುದೂ ನಿಜ. ಬೇಡದವರಿಗೆ ಅದನ್ನು ಕೊಡುವುದರಲ್ಲಿದ್ದೆ. ಅನಂತರ ಬೆಳಗಿನವರೆಗೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದವರೂ ಅವರೇ. ಒಂದು ಸಲ ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ.

ಇಂಥ ತಪ್ಪನ್ನು ರೋಗಿಯ ಬಳಿ ಮಾಡುವುದಕ್ಕಿಂತ ಗೊಂಬೆಯ ಬಳಿ ಮಾಡುವುದು ಲೇಸು. 2019ರಿಂದ ದೇಶದಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಕೌಶಲಕ್ಕೆ ಒತ್ತು ಕೊಟ್ಟಿರುವುದರ ತಿರುಳೂ ಇದೇ. ಸೂಜಿ ಚುಚ್ಚುವುದು, ಗಾಯ ಹೊಲಿಯುವುದು, ನಿಂತ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು, ಇವೆಲ್ಲ ಓದಿ ಬರುವ ವಿದ್ಯೆಗಳಲ್ಲ. ಈಜಿನಂತೆ ಮಾಡಿಯೇ ಬರಬೇಕು. 2002ರಲ್ಲಿ ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಹೀಗೆ ಕೈ ಪಳಗಿಸಿಕೊಳ್ಳುವ ಯುವಕ ಯುವತಿಯರು ನಮ್ಮ ಅಡಕೆ ತೋಟಗಳ ನಡುವೆಯೇ ಕಾಣಸಿಗುತ್ತಾರೆ.

ಆದರೆ ಗೊಂಬೆ ಕಲಿಸಲಾರದ್ದೂ ಒಂದಿದೆ. ಅದು ನರಳುವುದಿಲ್ಲ, ತುಳುವಿನಲ್ಲಿ “ಬಂಜಿ ಬೇನೆ” ಎನ್ನುವುದಿಲ್ಲ. ಒಂದೇ ವಾರ್ಡಿನಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕನ್ನಡ ಕೇಳಿಬರುವ ಊರು ನಮ್ಮದು. ದೂರದಿಂದ ಬಂದ ವಿದ್ಯಾರ್ಥಿ ಇಲ್ಲಿನ ನಾಲ್ಕು ಮಾತುಗಳನ್ನು ಕಲಿತರೆ, ಅದೂ ಕೈಚಳಕದಷ್ಟೇ ಬೆಲೆಯ ವಿದ್ಯೆ.

ಆ ರಾತ್ರಿ ಹಿರಿಯ ದಾದಿ ನನ್ನನ್ನು ರೋಗಿಯ ಎದುರಿನಲ್ಲಿ ಹಳಿಯಲಿಲ್ಲ. ಮರುದಿನ ಸಿಂಕಿನ ಬದಿಯಲ್ಲಿದ್ದ ತೊಳೆದ ನಳಿಕೆಗಳೆಲ್ಲ ಅಲ್ಲಿಂದ ಮಾಯವಾಗಿದ್ದವು. ನನ್ನ ವೈದ್ಯವಿದ್ಯೆಯ ಮೊದಲ ಪಾಠ ಅದು. ಅದನ್ನು ಕಲಿಸಿದವರ ಹೆಸರು ಯಾವ ಪ್ರಮಾಣಪತ್ರದಲ್ಲಿಯೂ ಇಲ್ಲ.